ಸುಟ್ಟ ಮೇಲೂ ನಿಂತೇ ಇರುವ ಮರಕ್ಕೆ ಏನನ್ನೋಣ?

ಉತ್ತರ ಅಮೆರಿಕದ ಕಪ್ಪುಬೆನ್ನಿನ ಮರಕುಟಿಗದ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದ ಸಿಗುತ್ತಿಲ್ಲ. ಕಾಳ್ಗಿಚ್ಚಿನಲ್ಲಿ ಸುಟ್ಟು ಸತ್ತರೂ ಬೀಳದೆ ನಿಂತಿರುವ ಮರಕ್ಕೆ ಕನ್ನಡದಲ್ಲಿ ಹೆಸರಿದೆಯಾ?

ಈ ಹಕ್ಕಿಯ ಬದುಕು ಹೆಚ್ಚಾಗಿ ಅಂಥ ಮರಗಳ ಮೇಲೇ ನಿಂತಿದೆ. ಬೆಂಕಿ ಬಿದ್ದ ಕಾಡಿಗೆ ಮರ ಕೊರೆಯುವ ಜೀರುಂಡೆಗಳು ಬೇಗ ಬಂದು ಮೊಟ್ಟೆ ಇಡುತ್ತವೆ. ಮೆಲನೋಫಿಲ ಎಂಬ ಜೀರುಂಡೆಗಳಿಗಂತೂ ಬೆಂಕಿಯ ಶಾಖವನ್ನು ದೂರದಿಂದಲೇ ಗುರುತಿಸುವ ಅಂಗ ಮೈಯಲ್ಲೇ ಇದೆ. ಮರಿಹುಳುಗಳು ತೊಗಟೆಯ ಕೆಳಗೂ ಮರದೊಳಗೂ ಕೊರೆಯುತ್ತಾ ಬೆಳೆಯುತ್ತವೆ. ಮರಕುಟಿಗ ಅವನ್ನು ಅಗೆದು ತಿನ್ನುತ್ತದೆ. ಹಾಗಾಗಿ ಬೆಂಕಿಯಾದ ಮೊದಲ ಕೆಲವು ವರ್ಷ ಹಕ್ಕಿ ಜಾಸ್ತಿ. 7–8 ವರ್ಷ ಕಳೆಯುವ ಹೊತ್ತಿಗೆ ಹುಳುಗಳೂ ಕಡಿಮೆ, ಹಕ್ಕಿಯೂ ಕಡಿಮೆ. ಅದು ಕೊರೆದ ಪೊಟರೆಗಳಲ್ಲಿ ಆಮೇಲೆ ಬೇರೆ ಹಕ್ಕಿಗಳು ಗೂಡು ಮಾಡುತ್ತವೆ.

‘ಒಣಮರ’ ಎಂದರೆ ಬೆಂಕಿ ನೆನಪಾಗುವುದಿಲ್ಲ. ‘ಮೋಟುಮರ’ ಎಂದರೆ ಕಡಿದದ್ದೋ ಮುರಿದದ್ದೋ ಅನ್ನಿಸುತ್ತದೆ. ‘ಕರಕಲು ಮರ’ ಹತ್ತಿರ ಬರುತ್ತದೆ, ಆದರೆ ನೆಲಕ್ಕೆ ಬಿದ್ದದ್ದೂ ಕರಕಲೇ ಅಲ್ವಾ? ‘ಸತ್ತ ಮರ’ ನನಗೆ ಬೇಡವೇ ಬೇಡ. ಸುಟ್ಟ ಕಾಡಿನ ಮರಗಳನ್ನು ಕಡಿದು ಸಾಗಿಸಿದರೆ ಈ ಹಕ್ಕಿಗೆ ಊಟವೂ ಇಲ್ಲ, ಗೂಡೂ ಇಲ್ಲ. ಸತ್ತದ್ದು ಎಂದುಬಿಟ್ಟರೆ, ಇದ್ದರೇನು ಹೋದರೇನು ಎಂದು ಓದುವವರಿಗೆ ಅನ್ನಿಸಬಹುದು.

‘ನಿಲುಗನ್ನಡಿ’ಯ ಹಾಗೆ ‘ನಿಲುಗರಕಲು’ ಅಂದರೆ ಹೇಗೆ? ಬಾಯಲ್ಲಿ ಹೇಳಿದಾಗ ಒಪ್ಪುತ್ತದಾ? ಬಳಕೆಯಲ್ಲೇ ಒಂದು ಮಾತಿದ್ದರೆ ಇದನ್ನು ಸಂತೋಷದಿಂದ ಬಿಡುತ್ತೇನೆ.

ಇನ್ನೊಂದು ಪ್ರಶ್ನೆಯೂ ಇದೆ. ಕರಿ ಕಾಂಡದ ಮೇಲೆ ಕರಿ ಬೆನ್ನಿನ ಹಕ್ಕಿ ಕೂತರೆ ಕಣ್ಣಿಗೆ ಬೀಳುವುದು ಕಷ್ಟ. ಗಂಡಿನ ನೆತ್ತಿಯ ಹಳದಿ ಮಚ್ಚೆ ಕಂಡರೆ ಸರಿ, ಇಲ್ಲದಿದ್ದರೆ ಕಿವಿಯೇ ದಾರಿ. ಸದ್ದು ಎರಡು ಬಗೆ. ಇದು ನನ್ನ ಜಾಗ ಎಂದು ಸಾರಲು ಒಂದೇ ಸಮ ಬಡಿಯುವುದು ಒಂದು. ಹುಳುವಿಗಾಗಿ ಬಿಟ್ಟು ಬಿಟ್ಟು ಹೊಡೆಯುವುದು ಇನ್ನೊಂದು. ಈ ಎರಡನೆಯದು ಕೇಳಿದರೆ ಅಲ್ಲೇ ನಿಂತು ನೋಡಬೇಕು, ಹಕ್ಕಿ ಒಂದೇ ಮರದಲ್ಲಿ ಬಹಳ ಹೊತ್ತು ಇರಬಹುದು. ಮೊದಲನೆಯದಕ್ಕೆ ‘ಬಡಿತ’, ಎರಡನೆಯದಕ್ಕೆ ‘ಕುಕ್ಕು’ ಎಂದು ಇಟ್ಟುಕೊಂಡಿದ್ದೇನೆ. ಹಕ್ಕಿ ನೋಡುವವರು ನೀವು ಹೇಗೆ ಹೇಳುತ್ತೀರಿ?