ಪ್ಯಾಕಿಂಗ್ ಪ್ಲಾಸ್ಟಿಕ್, ಇಪಿಆರ್: ಮುಂಬೈ–ಪುಣೆ ಕನ್ನಡ ವ್ಯಾಪಾರಿಗಳ ಪ್ರಶ್ನೋತ್ತರ

ಕೋಥ್ರೂಡ್, ಉಪ್ಪಿನಕಾಯಿ: ಮನೆಯಲ್ಲೇ ಮಾಡಿ ನಮ್ಮ ಹೆಸರಿನ ಪೌಚ್‌ನಲ್ಲಿ ಮಾರುತ್ತೇವೆ. ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ ‘ಉದ್ಯಮ್’ನಲ್ಲಿ ಮೈಕ್ರೋ, ಅಂದರೆ ಅತಿ ಸಣ್ಣದು. ಇಪಿಆರ್ ನಮಗೂ ಬರುತ್ತಾ?

ಸಲಹೆಗಾರ, ಪುಣೆ: ಬರಲ್ಲ. ಇಪಿಆರ್ ಅಂದ್ರೆ ಮಾರುಕಟ್ಟೆಗೆ ಬಿಟ್ಟ ಪ್ಯಾಕಿಂಗ್ ಪ್ಲಾಸ್ಟಿಕ್ಕಿನ ಲೆಕ್ಕಕ್ಕೆ ತಕ್ಕಷ್ಟು ಮರುಬಳಕೆ ಮಾಡಿಸುವ ಹೊಣೆ. ಮೈಕ್ರೋ, ಸ್ಮಾಲ್ ಬ್ರಾಂಡ್ ಮಾಲೀಕರಿಗೆ ಅದರಿಂದ ವಿನಾಯಿತಿ ಇದೆ. ಪೌಚ್ ಇಲ್ಲೇ ಕೊಳ್ಳುತ್ತೀರಿ ತಾನೆ? ಆಮದು ಆದರೆ ಕಥೆ ಬೇರೆ.

ಭಿವಂಡಿ ಗೋಡೌನ್: ಚೀನಾದಿಂದ ಗಾಜಿನ ಬಟ್ಟಲು, ಶೋಪೀಸ್ ತರಿಸಿ ಮಹಾರಾಷ್ಟ್ರ, ಕರ್ನಾಟಕ, ಗುಜರಾತ್‌ಗೆ ಮಾರುತ್ತೇನೆ. ನಾನೂ ಮೈಕ್ರೋ. ‘ನೋಂದಣಿ ಬೇಡ, ಸರ್ಟಿಫಿಕೇಟ್ ಪಿಡಿಎಫ್ ಕಳಿಸುತ್ತೇನೆ, ಸಾಕು’ ಅಂದ ಒಬ್ಬ ಏಜೆಂಟ್. ದುಡ್ಡೂ ಕೊಟ್ಟಾಯಿತು.

ಸಲಹೆಗಾರ: ಯಾಕೆ ಸ್ವಾಮಿ, ಕೊಡುವ ಮೊದಲು ಕೇಳಬಾರದಾ? ಆಮದುದಾರರಿಗೆ ಮೈಕ್ರೋ ವಿನಾಯಿತಿ ಇಲ್ಲ. ಮಾಲಿನ ಜೊತೆ ಒಳಗೆ ಬಂದ ಪ್ಲಾಸ್ಟಿಕ್ಕಿನ ಹೊಣೆ ನಿಮ್ಮದೇ. 2023-24ರಿಂದ ಆ ಹೊಣೆ ಪೂರ್ತಿ ಶೇ. 100. ಎರಡಕ್ಕಿಂತ ಜಾಸ್ತಿ ರಾಜ್ಯ ಅಂದ್ರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲೇ ನೋಂದಣಿ. ಸರ್ಟಿಫಿಕೇಟ್, ಅಂದ್ರೆ ಇಷ್ಟು ಪ್ಲಾಸ್ಟಿಕ್ ಮರುಬಳಕೆ ಆಯಿತು ಅನ್ನೋ ಪತ್ರ, ಅದೇ ಪೋರ್ಟಲ್‌ನಲ್ಲಿ ಮರುಬಳಕೆ ಘಟಕದವರ ಖಾತೆಯಿಂದ ನಿಮ್ಮ ಖಾತೆಗೆ ಬರಬೇಕು. ಖಾತೆಯೇ ಇಲ್ಲದವರಿಗೆ ಬರೋದೆಲ್ಲಿಗೆ? 2023ರ ತಪಾಸಣೆಯಲ್ಲಿ ಲಕ್ಷಗಟ್ಟಲೆ ನಕಲಿ ಸರ್ಟಿಫಿಕೇಟ್ ಸಿಕ್ಕಿದ್ದವು.

ಈಗ ಒಂದು ಕೆಲಸ ಮಾಡಿ. ಒಂದು ಪೆಟ್ಟಿಗೆ ಬಿಚ್ಚಿ, ತಕ್ಕಡಿ ತನ್ನಿ. ಥರ್ಮಾಕೋಲ್ ಗಟ್ಟಿ ಪ್ಲಾಸ್ಟಿಕ್, ಒಂದನೇ ವರ್ಗ. ಬಟ್ಟಲಿಗೆ ಸುತ್ತಿದ ಬಬಲ್ ರ‍್ಯಾಪ್, ಪಾಲಿ ಕವರ್ ಎರಡನೇ ವರ್ಗ. ಪ್ಲಾಸ್ಟಿಕ್ ಜೊತೆ ಅಲ್ಯೂಮಿನಿಯಂ ಅಥವಾ ಕಾಗದದ ಪದರ ಸೇರಿದ್ದರೆ ಮೂರನೆಯದು. ಬೇರೆ ಬೇರೆ ತೂಗಿ. ಪ್ಯಾಲೆಟ್‌ಗೆ ಸುತ್ತಿದ ಫಿಲ್ಮ್ ಎಲ್ಲರೂ ಮರೆಯುತ್ತಾರೆ. ವರ್ಷಕ್ಕೆ ಎಷ್ಟು ಮರುಬಳಕೆ ಮಾಡಿಸಬೇಕು ಅನ್ನೋ ಗುರಿ ಹಿಂದಿನ ಎರಡು ವರ್ಷದ ತೂಕದ ಸರಾಸರಿ ಮೇಲೆ ನಿಗದಿಯಾಗುತ್ತದೆ. ಗುರಿ ಮುಟ್ಟದೆ ಬಾಕಿ ಬಿದ್ದರೆ ‘ಪರಿಸರ ಪರಿಹಾರ’ ಅನ್ನೋ ದಂಡದಂಥ ಹಣ ಕಟ್ಟಬೇಕು. ಕಟ್ಟಿದರೂ ಬಾಕಿ ಹೋಗಲ್ಲ, ಮುಂದಿನ ಮೂರು ವರ್ಷ ಬೆನ್ನಿಗಿರುತ್ತದೆ. ಒಂದು ವರ್ಷದೊಳಗೆ ತೀರಿಸಿದರೆ ಶೇ. 75 ವಾಪಸ್, ಎರಡನೇ ವರ್ಷಕ್ಕೆ 60, ಮೂರಕ್ಕೆ 40. ಆಮೇಲೆ ಹೋಯಿತು.

ಮಾಪುಸಾ, ಗೋಡಂಬಿ: ಪ್ಯಾಕಿಂಗ್ ನಮ್ಮದು, ಹೆಸರು ಮುಂಬೈ ಅಂಗಡಿಯವರದು. ಹೊಣೆ ಯಾರದು ಸರ್?

ಪನ್ವೇಲ್, ಚಕ್ಕುಲಿ: ನಮ್ಮದೂ ಮೈಕ್ರೋ. ಇಪಿಆರ್ ಬೇಕಾ?

ಸಲಹೆಗಾರ: ಮೊದಲ ಉತ್ತರ ಓದಿ.

ಮಾಟುಂಗಾ ಹೋಟೆಲ್: ಪಾರ್ಸೆಲ್‌ಗೆ ಪ್ಲಾಸ್ಟಿಕ್ ಚಮಚ?

ಸಲಹೆಗಾರ: ಇಲ್ಲ. 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ.

ಠಾಣೆ: ಚಮಚ ಬಿಡಿ, ನಮ್ಮ ಸೊಸೈಟಿ ಚರಂಡಿ ತುಂಬಾ ನಿಮ್ಮ ಸಾಂಬಾರ್ ಪೊಟ್ಟಣಗಳೇ.

ಮಾಟುಂಗಾ ಹೋಟೆಲ್: ಬರಿಗೈಲಿ ಬಂದು ‘ಚಟ್ನಿ ಬೇರೆ ಕಟ್ಟಿ’ ಅನ್ನೋರು ಯಾರು? ನೀವೇ ಅಲ್ವಾ?

ಠಾಣೆ: ನಾನು ಡಬ್ಬ ತರುತ್ತೇನೆ.

ಮಾಟುಂಗಾ ಹೋಟೆಲ್: ಹೌದಾ? ಒಂದು ದಿನ ತಂದು ತೋರಿಸಿ.

ಡೊಂಬಿವಲಿ: ಜಗಳ ಯಾಕೆ? ಕವರ್ ಮೇಲೆ ‘ಬಯೋ’ ಅಂತ ಅಚ್ಚು ಹಾಕಿಸಿದರೆ ದಂಡವೇ ಇಲ್ಲ. ಫಾರ್ವರ್ಡ್ ಬಂದಿದೆ, ನೋಡಿ.

ಸಲಹೆಗಾರ: ಮತ್ತೆ ಅದೇ! ಅಚ್ಚು ಹಾಕಿಸಿದರೆ ಪ್ಲಾಸ್ಟಿಕ್ ಕರಗುತ್ತಾ? ಕಾಂಪೋಸ್ಟಬಲ್, ಅಂದ್ರೆ ಕೊಳೆತು ಗೊಬ್ಬರವಾಗುವ ಕವರ್‌ಗೆ ತಯಾರಕರ ಬಳಿ ಕೇಂದ್ರ ಮಂಡಳಿಯ ಪ್ರಮಾಣಪತ್ರ ಇರಲೇಬೇಕು. ಮಹಾರಾಷ್ಟ್ರದಲ್ಲಿ ನಿಷೇಧಿತ ಪ್ಲಾಸ್ಟಿಕ್‌ಗೆ ಮೊದಲ ಸಲ 5,000 ರೂಪಾಯಿ, ಎರಡನೇ ಸಲ 10,000. ಮೂರನೇ ಸಲ 25,000, ಜೊತೆಗೆ ಮೂರು ತಿಂಗಳ ಜೈಲು. ಫಾರ್ವರ್ಡ್ ಮಾಡಿದವರು ಬಂದು ಕಟ್ಟುತ್ತಾರಾ?

ಡೊಂಬಿವಲಿ: ಸುಮ್ನೆ ಹೇಳಿದೆ. ಇಷ್ಟು ಸಿಟ್ಟು ಯಾಕೆ?

ಮಾಪುಸಾ, ಗೋಡಂಬಿ: ಸರ್, ನನ್ನ ಪ್ರಶ್ನೆ?

ವಸಯಿ, ಬೇಕರಿ: ಮೈಕ್ರೋ ಆದರೆ ಇಪಿಆರ್…

ಸಲಹೆಗಾರ: ಮೇಲೆ ನೋಡಿ!

ಭಿವಂಡಿ ಗೋಡೌನ್: ಏಜೆಂಟ್ ಫೋನ್ ಎತ್ತುತ್ತಿಲ್ಲ. ಪೆಟ್ಟಿಗೆ ಬಿಚ್ಚಿದ್ದೇನೆ. ರಟ್ಟೂ ತೂಗಬೇಕಾ?

ಸಲಹೆಗಾರ: ಈ ಲೆಕ್ಕಕ್ಕೆ ರಟ್ಟು ಬೇಡ. ಟೇಪ್ ಬೇಕು.