ಅಜಾಥಯೋಪ್ರಿನ್ ಆರಂಭಿಸುವ ಮೊದಲು ಟಿಪಿಎಂಟಿ ಪರೀಕ್ಷೆಯೊಂದೇ ಸಾಕೇ?

ಪ್ರಶ್ನೆ
ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು) ಇರುವ ನಮ್ಮ ಅಣ್ಣನಿಗೆ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಅಜಾಥಯೋಪ್ರಿನ್ ಮಾತ್ರೆಯನ್ನು ಆರಂಭಿಸಬೇಕೆಂದು ವೈದ್ಯರು ಹೇಳಿದ್ದಾರೆ. ಟಿಪಿಎಂಟಿ (ಈ ಔಷಧವನ್ನು ದೇಹದಲ್ಲಿ ನಿಷ್ಕ್ರಿಯಗೊಳಿಸುವ ಒಂದು ಕಿಣ್ವ) ವರದಿ ಸಹಜವಾಗಿದ್ದರೂ ಎನ್‌ಯುಡಿಟಿ15 ಎಂಬ ಇನ್ನೊಂದು ಜೀನ್ ಪರೀಕ್ಷೆಯನ್ನು ಸೂಚಿಸಿದ್ದಾರೆ. ಅದು ನಿಜಕ್ಕೂ ಅಗತ್ಯವೇ? ಎರಡೂ ಸಹಜವೆಂದು ಬಂದರೆ ಪದೇ ಪದೇ ರಕ್ತ ಕೊಡುವುದು ತಪ್ಪುತ್ತದೆಯೇ? ಗೌಟ್‌ಗಾಗಿ ಅವರು ಅಲೋಪ್ಯೂರಿನಾಲ್ ಕೂಡ ತೆಗೆದುಕೊಳ್ಳುತ್ತಿದ್ದಾರೆ.

ಉತ್ತರ 1
ಖಂಡಿತ ಅಗತ್ಯ. ಟಿಪಿಎಂಟಿಯ ದೋಷಯುಕ್ತ ರೂಪಗಳು ಯುರೋಪ್ ಮೂಲದವರಿಗೆ ಹೋಲಿಸಿದರೆ ನಮ್ಮಲ್ಲಿ ಕಡಿಮೆ. ಟಿಪಿಎಂಟಿ ಸಹಜವಾಗಿದ್ದವರಲ್ಲೂ ಬಿಳಿ ರಕ್ತಕಣಗಳು ಏಕೆ ಕುಸಿಯುತ್ತವೆ ಎಂಬ ಪ್ರಶ್ನೆಗೆ ಎನ್‌ಯುಡಿಟಿ15 ಒಂದು ಮುಖ್ಯ ಉತ್ತರವೆಂದು 2014ರಲ್ಲಿ ಕೊರಿಯಾದ ಕ್ರೋನ್ಸ್ (ಕರುಳಿನ ಇನ್ನೊಂದು ಉರಿಯೂತದ ಕಾಯಿಲೆ) ರೋಗಿಗಳ ಅಧ್ಯಯನ ತೋರಿಸಿತು. ಅದೇ ರೂಪಾಂತರ ಭಾರತೀಯರಲ್ಲೂ ಗಣನೀಯವಾಗಿ ಕಂಡುಬರುತ್ತದೆ. ಔಷಧದ ಸಕ್ರಿಯ ರೂಪವು ಡಿಎನ್‌ಎಗೆ ಸೇರಿಕೊಳ್ಳುವ ಮೊದಲೇ ಅದನ್ನು ನಿಷ್ಕ್ರಿಯಗೊಳಿಸುವುದು ಈ ಜೀನ್ ತಯಾರಿಸುವ ಕಿಣ್ವದ ಕೆಲಸ. ತಂದೆ-ತಾಯಿ ಇಬ್ಬರಿಂದಲೂ ದೋಷಯುಕ್ತ ಪ್ರತಿ ಬಂದಿದ್ದರೆ, ಕೊಲೈಟಿಸ್‌ನಂಥ ಕಾಯಿಲೆಗೆ ಬೇರೆ ಔಷಧವನ್ನು ಆರಿಸುವುದೇ ಲೇಸು. ಒಂದೇ ಪ್ರತಿಯಾದರೆ ಪ್ರಮಾಣ ತಗ್ಗಿಸಿ ಆರಂಭಿಸುತ್ತಾರೆ. ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಬಾಚಣಿಗೆಗೆ ಕೂದಲು ಹಿಡಿ ಹಿಡಿಯಾಗಿ ಬಂದರೆ ಅದನ್ನು ಕೇವಲ ಕೂದಲಿನ ಸಮಸ್ಯೆಯೆಂದು ಬಿಡದೆ, ಬಿಳಿ ರಕ್ತಕಣ ಕುಸಿತದ ಮುನ್ಸೂಚನೆಯಿರಬಹುದೆಂದು ಕೂಡಲೇ ರಕ್ತಕಣಗಳ ಎಣಿಕೆ ಮಾಡಿಸಿ.

ಉತ್ತರ 2
ನೀವು ಕೊನೆಯಲ್ಲಿ ಬರೆದ ಸಂಗತಿಯೇ ನನಗೆ ಹೆಚ್ಚು ಆತಂಕದ್ದಾಗಿ ಕಾಣುತ್ತದೆ. ಅಜಾಥಯೋಪ್ರಿನ್‌ನ ಒಂದು ಪಾಲನ್ನು ಹೊರಹಾಕುವ ಕ್ಸಾಂಥಿನ್ ಆಕ್ಸಿಡೇಸ್ ಕಿಣ್ವವನ್ನೇ ಅಲೋಪ್ಯೂರಿನಾಲ್ ತಡೆಯುತ್ತದೆ; ಆಗ ಔಷಧದ ಪ್ರಭಾವ ಅಪಾಯಕರವಾಗಿ ಹೆಚ್ಚುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಕೊಡಲೇಬೇಕಾದರೆ ಅಜಾಥಯೋಪ್ರಿನ್ ಪ್ರಮಾಣವನ್ನು ಸಾಮಾನ್ಯದ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಇಳಿಸುತ್ತಾರೆ. ಫೆಬುಕ್ಸೋಸ್ಟಾಟ್‌ಗೆ (ಗೌಟ್‌ನ ಇನ್ನೊಂದು ಔಷಧ) ಬದಲಾಯಿಸಿದರೂ ಅಪಾಯ ತಪ್ಪದು, ಏಕೆಂದರೆ ಅದು ತಡೆಯುವುದೂ ಇದೇ ಕಿಣ್ವವನ್ನು. ಜೀನ್ ವರದಿಯಲ್ಲಿ ಇದಾವುದೂ ಕಾಣುವುದಿಲ್ಲ. ಗೌಟ್ ನೋಡುವ ವೈದ್ಯರು ಬೇರೆಯಾಗಿದ್ದರೆ ಅವರ ಚೀಟಿಯನ್ನು ಕೊಲೈಟಿಸ್ ವೈದ್ಯರ ಮುಂದಿಡಿ; ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಉತ್ತರ 3
ರಕ್ತ ಕೊಡುವುದು ತಪ್ಪುವುದಿಲ್ಲ. ಎರಡೂ ಜೀನುಗಳು ಸಹಜವಾಗಿರುವವರಲ್ಲೂ ಬಿಳಿ ರಕ್ತಕಣ ಇಳಿಯಬಹುದು. ಮೊದಲ ತಿಂಗಳು ವಾರಕ್ಕೊಮ್ಮೆ, ಮುಂದಿನ ಎರಡು ತಿಂಗಳು ತಿಂಗಳಿಗೆರಡು ಬಾರಿ, ಆಮೇಲೆ ತಿಂಗಳಿಗೊಮ್ಮೆ ಎಂಬುದು ಸಾಮಾನ್ಯ ಸೂಚನೆ. ಜೊತೆಗೆ ಯಕೃತ್ತಿನ ಪರೀಕ್ಷೆಯೂ ಇರುತ್ತದೆ. ಈ ಔಷಧದಿಂದ ಬರಬಹುದಾದ ಮೇದೋಜೀರಕ ಗ್ರಂಥಿಯ ಉರಿಯೂತದ ಬಗ್ಗೆ ಈ ಎರಡು ಜೀನುಗಳ ವರದಿ ಏನನ್ನೂ ಹೇಳದು. ತೀವ್ರ ಹೊಟ್ಟೆನೋವು, ವಾಂತಿ ಬಂದರೆ ಕಾಯಬೇಡಿ.

ಇನ್ನೊಂದು ವಿಷಯವನ್ನು ನೋಡಿಕೊಳ್ಳಿ. ಅಣ್ಣನಿಗೆ ಮಾಡಿದ್ದು ಟಿಪಿಎಂಟಿಯ ಜೀನ್ ಪರೀಕ್ಷೆಯೋ, ಕಿಣ್ವದ ಚಟುವಟಿಕೆಯ ಅಳತೆಯೋ? ಈಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಎರಡನೆಯ ಬಗೆಯ ವರದಿಯನ್ನು ನಂಬುವಂತಿಲ್ಲ, ಏಕೆಂದರೆ ಅಲ್ಲಿ ಅಳೆದಿರುವುದು ದಾನಿಯ ಕೆಂಪು ರಕ್ತಕಣಗಳಲ್ಲಿನ ಕಿಣ್ವವನ್ನೂ ಆಗಿರುತ್ತದೆ.