ಟೆಂಡನ್ ‘ಪೂರ್ತಿ ಹರಿದಿದೆ’ ಅಂದರೆ ತಪ್ಪಾಗುತ್ತದೆ, ಬೇರೆ ಪದ ಇದೆಯಾ?

ಗೆಳೆಯರೇ,

ಭುಜನೋವಿನ ಪರೀಕ್ಷೆಗಳ ಬಗ್ಗೆ ರೋಗಿಗಳಿಗಾಗಿ ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳು ಕಾಡುತ್ತಿವೆ.

ಮೊದಲು ಟೆಂಡನ್, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರು. ಪಠ್ಯಪುಸ್ತಕದಲ್ಲಿ ‘ಸ್ನಾಯುರಜ್ಜು’. ಮಾತಿನಲ್ಲಿ ಎಲ್ಲವೂ ‘ನರ’. ನರ ಅಂತ ಬರೆದರೆ ನರ್ವ್ ಆಗಿಬಿಡುತ್ತದೆ, ಅಲ್ವಾ? ತಮಾಷೆ ಏನೆಂದರೆ ಸುಶ್ರುತಸಂಹಿತೆಯಲ್ಲಿ ಮಾಂಸಖಂಡಕ್ಕೆ ‘ಪೇಶಿ’ ಅನ್ನುತ್ತಾರೆ. ‘ಸ್ನಾಯು’ ಅಂದರೆ ಕಟ್ಟಿ ಹಿಡಿಯುವ ನಾರು. ನಾವು ಸ್ನಾಯುವನ್ನು ಮಾಂಸಖಂಡಕ್ಕೆ ಕೊಟ್ಟುಬಿಟ್ಟು, ಆಮೇಲೆ ಹಗ್ಗ ಬೇಕಾಯಿತೆಂದು ‘ರಜ್ಜು’ ಅಂಟಿಸಿದ್ದೇವೆ. ನಾನಂತೂ ಟೆಂಡನ್ ಅಂತಲೇ ಇಟ್ಟುಕೊಂಡಿದ್ದೇನೆ.

ನಿಜವಾದ ತೊಡಕು ‘ಟೇರ್’, ಅಂದರೆ ಟೆಂಡನ್ ಹರಿಯುವುದು. ‘ಹರಿತ’ ಅಂದರೆ ಚಾಕು ನೆನಪಾಗುತ್ತದೆ. ಸ್ಕ್ಯಾನ್ ವರದಿಯ ‘ಫುಲ್ ಥಿಕ್‌ನೆಸ್ ಟೇರ್’ ಅನ್ನು ‘ಪೂರ್ತಿ ಹರಿದಿದೆ’ ಎಂದು ಬರೆದಿದ್ದೆ. ಕರಡು ಓದಿದ ಅಕ್ಕ ಕೇಳಿದಳು: “ಪೂರ್ತಿ ಹರಿದಿದ್ರೆ ಕೈ ಹೇಗೆ ಮೇಲೇಳುತ್ತೆ?” ಸರಿಯಾದ ಪ್ರಶ್ನೆ. ಅಲ್ಲಿ ‘ಫುಲ್’ ಅನ್ನುವುದು ದಪ್ಪದ ಲೆಕ್ಕ, ಅಗಲದ್ದಲ್ಲ. ಮೇಲಿನ ಮೈಯಿಂದ ಕೆಳಗಿನ ಮೈವರೆಗೆ ಹೋಗಿದೆ ಅಷ್ಟೆ. ಅಗಲ ಕೆಲವೇ ಮಿಲಿಮೀಟರ್ ಇರಬಹುದು. ಬಟ್ಟೆಯ ಮಾತು ಇಲ್ಲಿ ಚೆನ್ನಾಗಿ ಒಗ್ಗುತ್ತದೆ ಅನ್ನಿಸಿತು. ಫುಲ್ ಥಿಕ್‌ನೆಸ್ ಟೇರ್ ಆದರೆ ‘ತೂತು’. ಒಂದೇ ಮಗ್ಗುಲಲ್ಲಿ ಹಾಳಾಗಿದ್ದರೆ, ಬಟ್ಟೆ ಸವೆದು ಎಳೆ ಬಿಡುವ ಹಾಗೆ, ‘ಪಿಸಿದಿದೆ’. ಮೂಳೆಯಿಂದಲೇ ಬಿಟ್ಟುಬಂದಿದ್ದರೆ ‘ಕಿತ್ತುಬಂದಿದೆ’.

ಕೈಯಿಂದ ಮಾಡುವ ಪರೀಕ್ಷೆಗಳ ಹೆಸರುಗಳು ಇಷ್ಟು ಕಾಡಲಿಲ್ಲ. ಉದಾಹರಣೆಗೆ ‘ಎಂಪ್ಟಿ ಕ್ಯಾನ್’ ಪರೀಕ್ಷೆ: ತೋಳನ್ನು ಭುಜದ ಮಟ್ಟಕ್ಕೆ, ತುಸು ಮುಂದಕ್ಕೆ ಚಾಚಿ, ಹೆಬ್ಬೆರಳು ಕೆಳಗೆ ಮಾಡಬೇಕು. ವೈದ್ಯರು ಮೇಲಿನಿಂದ ಒತ್ತುತ್ತಾರೆ, ನೀವು ತಡೆಯಬೇಕು. ಡಬ್ಬಿಯಲ್ಲಿದ್ದದ್ದನ್ನು ಸುರಿದುಬಿಡುವ ಭಂಗಿ ಅದು. ‘ಡಬ್ಬಿ ಬೋರಲು ಪರೀಕ್ಷೆ’ ಎಂದಿದ್ದೇನೆ. ‘ಪೇನ್‌ಫುಲ್ ಆರ್ಕ್’ ಮಾತ್ರ ಸ್ವಲ್ಪ ಕೊಸರಾಡಿತು. ತೋಳನ್ನು ಪಕ್ಕಕ್ಕೆ ಎತ್ತುವಾಗ ಸುಮಾರು 60ರಿಂದ 120 ಡಿಗ್ರಿ ನಡುವೆ ನೋವು, ಅದರ ಆಚೆ ಈಚೆ ಕಡಿಮೆ. ‘ನೋವಿನ ಕಮಾನು’ ಅಂದರೆ ಏನೋ ಸ್ಮಾರಕದ ಹೆಸರಿನ ಹಾಗಿದೆ. ‘ನಡುನೋವು’ ಅನ್ನೋಣ ಅಂದರೆ ಸೊಂಟಕ್ಕೆ ಹೋಗಿಬಿಡುತ್ತದೆ!

ಕೊನೆಯದು ಅಲ್ಟ್ರಾಸೌಂಡಿನದು. ‘ಹೈಪೋಎಕೋಯಿಕ್’ ಅನ್ನು ಸುಮ್ನೆ ‘ಕಪ್ಪಗೆ ಕಾಣುವ’ ಎಂದು ಬರೆದೆ. ಆದರೆ ಕಪ್ಪು ಕಂಡ ಕಡೆಯೆಲ್ಲ ಹರಿದಿರುವುದಿಲ್ಲ. ಟೆಂಡನ್ನಿನ ಎಳೆಗಳಿಗೆ ನೇರವಾಗಿ ಶಬ್ದದ ಅಲೆ ಬಿದ್ದರೆ ಬೆಳ್ಳಗೆ ಕಾಣುತ್ತದೆ. ಪ್ರೋಬ್ (ಚರ್ಮದ ಮೇಲೆ ಇಟ್ಟು ಅಲೆ ಕಳಿಸುವ ಸಾಧನ) ತುಸು ಓರೆಯಾದರೆ ಸಾಕು, ಗಟ್ಟಿಮುಟ್ಟಾದ ಟೆಂಡನ್ನೂ ಕಪ್ಪಾಗುತ್ತದೆ. ಪ್ರೋಬನ್ನು ನೆಟ್ಟಗೆ ಮಾಡಿದಾಗ ಆ ಕಪ್ಪು ಮಾಯ. ನಿಜವಾದ ತೂತಿನ ಕಪ್ಪು ಹೋಗುವುದಿಲ್ಲ. ಪ್ರೋಬ್ ಓರೆಯಾದಾಗ ಹೀಗೆ ಕಪ್ಪಾಗುವುದಕ್ಕೆ ‘ಅನೈಸೊಟ್ರೊಪಿ’ ಎಂಬ ಭಾರದ ಹೆಸರಿದೆ. ನಾನು ‘ಓರೆಗಪ್ಪು’ ಎಂದು ಕಟ್ಟಿದ್ದೇನೆ.

ಈಗ ಕೇಳಬೇಕಾದದ್ದು ಇಷ್ಟು. ‘ಪಿಸಿ’ ಪದ ನಿಮ್ಮ ಕಡೆ ಬಳಕೆಯಲ್ಲಿದೆಯಾ, ಅಥವಾ ಜಾಸ್ತಿ ಜನಕ್ಕೆ ಅದು ಕಂಪ್ಯೂಟರ್ ಆಗುತ್ತದೆಯಾ? ‘ಓರೆಗಪ್ಪು’ ಓದಿದೊಡನೆ ಅರ್ಥ ಹೊಳೆಯುತ್ತದೆಯಾ?